ಮನೆ ಮತ್ತು ವಿಳಾಸ: ಸಿ ಭಾಷೆಯ ಒಂದು ಪಾಠ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಿರಿಯ ವಿದ್ಯಾರ್ಥಿಗಳ ಉಪನ್ಯಾಸದ ಬರಹರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ ಸಾಲುಗಳನ್ನು ಇಲ್ಲಿ ಮಾತಿನಲ್ಲೇ ಕೊಡಲಾಗಿದೆ.)



ಐವತ್ತು ವರ್ಷ ತುಂಬಿದ ನಮ್ಮ ಶಾಲೆಯ ಹಬ್ಬದಲ್ಲಿ ನನಗೂ ಅರ್ಧ ಗಂಟೆ ಕೊಟ್ಟಿದ್ದೀರಿ. ನಿಮ್ಮ ಕೆಲಸದ ಬಗ್ಗೆ ಮಕ್ಕಳಿಗೆ ತಿಳಿಯುವ ಹಾಗೆ ಏನಾದರೂ ಹೇಳಿ ಎಂದು ಮುಖ್ಯೋಪಾಧ್ಯಾಯರು ಸೂಚಿಸಿದರು. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಹೇಳುವವರು ಈ ಸಭೆಯಲ್ಲಿ ಬಹಳ ಜನ ಇದ್ದಾರೆ. ಹಾಗಾಗಿ ನಾನು ನನಗೆ ಗೊತ್ತಿರುವ ಒಂದೇ ಒಂದು ಪಾಠ ಮಾಡಿ ಕೂರುತ್ತೇನೆ.

ನಾನು ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಮೊದಲ ವರ್ಷದ ಮಕ್ಕಳಿಗೆ ಸಿ ಭಾಷೆ ಕಲಿಸುತ್ತೇನೆ. ನಮ್ಮ ಭದ್ರಾವತಿಯಿಂದ, ತರೀಕೆರೆಯಿಂದ, ಸಾಗರ, ಶಿಕಾರಿಪುರದ ಕಡೆಯಿಂದ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಪ್ರತಿ ವರ್ಷ ಬರುತ್ತಾರೆ. ಲೆಕ್ಕ ಮಾಡುವ ಪ್ರೋಗ್ರಾಮ್ ಬರೆಯುತ್ತಾರೆ, ಮಗ್ಗಿ ಬರೆಸುತ್ತಾರೆ, ಅಂಕಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸುತ್ತಾರೆ. ಆಮೇಲೆ ಪಾಯಿಂಟರ್ ಪಾಠ ಬರುತ್ತದೆ. ಅಲ್ಲಿಗೆ ಹಿಂದಿನ ಬೆಂಚು ಮಾತು ನಿಲ್ಲಿಸುತ್ತದೆ. 'ಸರ್, ಇದು ಇಂಗ್ಲಿಷ್ ಮೀಡಿಯಂನವರಿಗೆ ಅರ್ಥ ಆಗೋದು, ನಮಗಲ್ಲ' ಎಂದು ಒಬ್ಬರಾದರೂ ಬಂದು ಹೇಳುತ್ತಾರೆ. ಈ ಮಾತು ನಿಜವಲ್ಲ. ಪಾಯಿಂಟರ್ ಎಂದರೆ ವಿಳಾಸ. ವಿಳಾಸ ಅರ್ಥವಾಗಲು ಇಂಗ್ಲಿಷ್ ಬೇಕಾಗಿಲ್ಲ. ಒಂದು ಪ್ರಶ್ನೆ ಕೇಳುವ ಅಭ್ಯಾಸ ಬೇಕು, ಅಷ್ಟೆ. ಈ ವಿಳಾಸದಲ್ಲಿರುವ ಜಾಗ ಯಾರದ್ದು, ಮತ್ತು ಎಷ್ಟು ಹೊತ್ತು ಅವರದ್ದು? ಇವತ್ತು ನಾನು ಹೇಳುವುದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ವಿಳಾಸದಿಂದ ಶುರು ಮಾಡೋಣ. ಶಿವಮೊಗ್ಗದ ಪಿನ್ ಕೋಡ್ 577201. ಭದ್ರಾವತಿಯದು 577301. ಎರಡು ಊರಿನ ನಡುವೆ ಸುಮಾರು 20 ಕಿಲೋಮೀಟರ್. ಪಿನ್ ಕೋಡಿನಲ್ಲಿ ವ್ಯತ್ಯಾಸ ಒಂದೇ ಅಂಕಿ. ಅಂಚೆ ಕವರಿನೊಳಗೆ ಯಾರೂ ಮನೆಯನ್ನು ಇಟ್ಟು ಕಳಿಸುವುದಿಲ್ಲ. ಕವರಿನ ಮೇಲೆ ವಿಳಾಸ ಬರೆಯುತ್ತಾರೆ, ಅಂಚೆಯಣ್ಣ ಅದನ್ನು ಓದಿಕೊಂಡು ಮನೆಗೆ ಹೋಗುತ್ತಾನೆ. ನಮ್ಮ ದೇಶದಲ್ಲಿ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಅವರು ಸಿ ಭಾಷೆಗೆ ರೂಪ ಕೊಡುತ್ತಿದ್ದದ್ದೂ ಸರಿಸುಮಾರು ಅದೇ ಕಾಲದಲ್ಲಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೆ ವಸ್ತುವಿನ ಬದಲು ಅದು ಇರುವ ಜಾಗದ ಸಂಖ್ಯೆಯನ್ನು ಹೇಳಿದರೆ ಕೆಲಸ ಸುಲಭವಾಗುತ್ತದೆ ಎನ್ನುವ ತಿಳಿವಳಿಕೆ ಎರಡರಲ್ಲೂ ಒಂದೇ.

ಕಂಪ್ಯೂಟರಿನ ಮೆಮೊರಿಯನ್ನು ಉದ್ದನೆಯ ಒಂದು ಬೀದಿ ಎಂದುಕೊಳ್ಳಿ. ಬೀದಿಯಲ್ಲಿ ಒಂದೊಂದು ಬೈಟ್‌ಗೂ ಒಂದೊಂದು ನಂಬರ್ ಇದೆ. ಈಗ ಒಬ್ಬ ವಿದ್ಯಾರ್ಥಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಅಲ್ಲಿ ಇಡಬೇಕು. ಅದರಲ್ಲಿ ಹೆಸರು, ನೋಂದಣಿ ಸಂಖ್ಯೆ, ಆರು ವಿಷಯಗಳ ಅಂಕ ಇರುತ್ತವೆ. ಇವು ಬೇರೆ ಬೇರೆ ಜಾತಿಯ ಮಾಹಿತಿ, ಆದರೆ ಒಬ್ಬರಿಗೇ ಸೇರಿದ್ದು. ಇವನ್ನೆಲ್ಲ ಒಂದು ಕಟ್ಟಾಗಿ ಕಟ್ಟಿ ಒಂದು ಹೆಸರು ಕೊಟ್ಟರೆ ಅದೇ ಸ್ಟ್ರಕ್ಚರ್. ಹೆಸರಿಗೆ 40 ಬೈಟ್, ನೋಂದಣಿ ಸಂಖ್ಯೆಗೆ 4, ಆರು ಅಂಕಗಳಿಗೆ ನಾಲ್ಕು ನಾಲ್ಕರಂತೆ 24. ಸಾಮಾನ್ಯ ಕಂಪ್ಯೂಟರಿನಲ್ಲಿ ಒಟ್ಟು 68 ಬೈಟ್. ಅದು ಇರುವ ಜಾಗದ ವಿಳಾಸ ಮಾತ್ರ ಈಗಿನ 64 ಬಿಟ್ ಯಂತ್ರದಲ್ಲಿ ಬರೀ 8 ಬೈಟ್. ಸ್ಟ್ರಕ್ಚರ್ 68 ಬೈಟ್ ಇರಲಿ, 6,800 ಬೈಟ್ ಇರಲಿ, ವಿಳಾಸ ಅಷ್ಟೇ. ವಿಳಾಸ ಕೈಯಲ್ಲಿದ್ದರೆ ಒಳಗಿನ ಅಂಕವನ್ನು ಓದಲು -> ಎನ್ನುವ ಬಾಣದ ಗುರುತು ಬಳಸುತ್ತೇವೆ. ಈ ವಿಳಾಸಕ್ಕೆ ಹೋಗು, ಅಲ್ಲಿರುವ ಅಂಕ ತೆಗೆದುಕೊಂಡು ಬಾ ಎಂದು ಅದರ ಅರ್ಥ.

ಇಲ್ಲಿಯವರೆಗೆ ಯಾರಿಗೂ ತೊಂದರೆ ಇಲ್ಲ. ತೊಂದರೆ ಶುರುವಾಗುವುದು ಇನ್ನೊಬ್ಬರಿಗೆ ಕೆಲಸ ವಹಿಸಿದಾಗ. 'ಹೊಸ ವಿದ್ಯಾರ್ಥಿ' ಎಂಬ ಹೆಸರಿನ ಒಂದು ಫಂಕ್ಷನ್ ಬರೆಯುತ್ತೇವೆ. ಅದಕ್ಕೆ ಹೆಸರು, ಅಂಕ ಕೊಟ್ಟರೆ ಅದು ಒಂದು ಅಂಕಪಟ್ಟಿ ತಯಾರಿಸಿ ಅದರ ವಿಳಾಸವನ್ನು ನಮಗೆ ಹಿಂದಿರುಗಿಸಬೇಕು. ತಯಾರಿಸುವವರು ಒಬ್ಬರು, ಬಳಸುವವರು ಇನ್ನೊಬ್ಬರು. ಇದನ್ನು ಮಾಡಲು ನಾಲ್ಕು ದಾರಿ ಇವೆ. ಅವುಗಳಲ್ಲಿ ಒಂದಂತೂ ಗುಂಡಿಗೆ ಹೋಗುವ ದಾರಿ. ಮಕ್ಕಳು ಮೊದಲು ಹಿಡಿಯುವುದು ಅದನ್ನೇ, ಆದ್ದರಿಂದ ಅದನ್ನೇ ಮೊದಲು ನೋಡೋಣ.

ಫಂಕ್ಷನ್ ತನ್ನೊಳಗೇ ಒಂದು ಸ್ಟ್ರಕ್ಚರ್ ಘೋಷಿಸಿಕೊಳ್ಳುತ್ತದೆ, ಅದರಲ್ಲಿ ಹೆಸರು, ಅಂಕ ತುಂಬುತ್ತದೆ, & ಗುರುತು ಹಾಕಿ ಅದರ ವಿಳಾಸ ಹಿಂದಿರುಗಿಸುತ್ತದೆ. ನೋಡಲು ಸರಿಯಾಗಿಯೇ ಇದೆ. ಏನು ತಪ್ಪು ಎಂದು ಭದ್ರಾವತಿಯವರಿಗೆ ಬಹಳ ಬೇಗ ಹೇಳಿಕೊಡಬಹುದು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ, ಈ ಎರಡರ ನೆರಳಿನಲ್ಲಿ ಬೆಳೆದ ಊರು ನಮ್ಮದು. ಕ್ವಾರ್ಟರ್ಸ್ ಎಂದರೆ ಏನು ಎಂದು ಇಲ್ಲಿನ ಮಕ್ಕಳಿಗೆ ಗೊತ್ತು. ಕೆಲಸ ಇರುವವರೆಗೆ ಮನೆ ನಿಮ್ಮದು. ನಿವೃತ್ತಿಯಾದ ಮೇಲೆ ಬೀಗದ ಕೈ ಒಪ್ಪಿಸಬೇಕು, ಆ ಮನೆ ಇನ್ನೊಬ್ಬರಿಗೆ ಹೋಗುತ್ತದೆ. ಮನೆ ನಂಬರ್ ಬದಲಾಗುವುದಿಲ್ಲ, ಬೀದಿ ಬದಲಾಗುವುದಿಲ್ಲ, ಒಳಗಿರುವವರು ಬದಲಾಗುತ್ತಾರೆ. ನಿವೃತ್ತರಾಗಿ ಹೋದವರ ಹೆಸರಿನಲ್ಲಿ ಹಳೆಯ ವಿಳಾಸಕ್ಕೆ ಪತ್ರ ಬರೆದರೆ ಅದು ಯಾರ ಕೈ ಸೇರುತ್ತದೆ?

ಫಂಕ್ಷನ್ನಿನ ಒಳಗೆ ಘೋಷಿಸಿದ ಸ್ಟ್ರಕ್ಚರಿಗೆ ಸಿಗುವುದು ಇಂಥ ಕ್ವಾರ್ಟರ್ಸ್. ಅದು ಇರುವ ಬಡಾವಣೆಯ ಹೆಸರು ಸ್ಟ್ಯಾಕ್. ಫಂಕ್ಷನ್ ಕೆಲಸ ಮಾಡುತ್ತಿರುವವರೆಗೆ ಜಾಗ ಅದರದ್ದು. ಕೆಲಸ ಮುಗಿಸಿ ಹಿಂದಿರುಗಿದ ಕ್ಷಣಕ್ಕೆ ಜಾಗ ಖಾಲಿ ಎಂದು ಲೆಕ್ಕ. ಮುಂದೆ ಕರೆಯುವ ಇನ್ನೊಂದು ಫಂಕ್ಷನ್ನಿಗೆ ಅದೇ ಜಾಗ ಹೋಗಬಹುದು. ನಿಮ್ಮ ಕೈಯಲ್ಲಿ ಉಳಿದದ್ದು ಮನೆ ಬಿಟ್ಟವರ ವಿಳಾಸ. ಇದರಲ್ಲಿ ಮೋಸ ಏನೆಂದರೆ, ಮನೆ ಬಿಟ್ಟವರು ಸಾಮಾನು ತಕ್ಷಣ ಸಾಗಿಸಿರುವುದಿಲ್ಲ. ಮರುಗಳಿಗೆಯೇ ಹೋಗಿ ನೋಡಿದರೆ ಹಳೆಯ ಅಂಕಗಳು ಹಾಗೇ ಕಾಣಬಹುದು. ಲ್ಯಾಬಿನಲ್ಲಿ ಪ್ರೋಗ್ರಾಮ್ ಸರಿಯಾಗಿ ಓಡಿತು ಎಂದು ಅನಿಸುತ್ತದೆ. ನಡುವೆ ಇನ್ನೊಂದು ಫಂಕ್ಷನ್ ಕರೆದ ಮೇಲೆ ಕಸ ಕಾಣಿಸುತ್ತದೆ, ಇಲ್ಲವೇ ಪ್ರೋಗ್ರಾಮ್ ನಿಂತೇ ಹೋಗುತ್ತದೆ. ಹೀಗೆ ಮಾಡಿದರೆ ಏನು ಬೇಕಾದರೂ ಆಗಬಹುದು, ನಾವು ಹೊಣೆಯಲ್ಲ ಎಂಬುದು ಸಿ ಭಾಷೆಯ ನಿಯಮ. ಜಿಸಿಸಿಯಂಥ ಕಂಪೈಲರ್ ಈ ತಪ್ಪಿಗೆ ಎಚ್ಚರಿಕೆ ಕೊಡುತ್ತದೆ. ಆದರೆ ವಿಳಾಸವನ್ನು ಮೊದಲು ಇನ್ನೊಂದು ಪಾಯಿಂಟರಿನಲ್ಲಿಟ್ಟು ಆಮೇಲೆ ಹಿಂದಿರುಗಿಸಿದರೆ ಎಷ್ಟೋ ಸಲ ಎಚ್ಚರಿಕೆಯೂ ಬರುವುದಿಲ್ಲ.

ಎರಡನೆಯ ದಾರಿ ಸ್ವಲ್ಪ ಜಾಣತನದ್ದು. ಘೋಷಣೆಯ ಮುಂದೆ 'ಸ್ಟ್ಯಾಟಿಕ್' ಎಂಬ ಪದ ಸೇರಿಸಿದರೆ ಆ ಸ್ಟ್ರಕ್ಚರ್ ಫಂಕ್ಷನ್ ಮುಗಿದ ಮೇಲೂ ಉಳಿಯುತ್ತದೆ. ಪ್ರೋಗ್ರಾಮ್ ಇರುವವರೆಗೆ ಇರುತ್ತದೆ. ಎಚ್ಚರಿಕೆಯೂ ಹೋಗುತ್ತದೆ. ಆದರೆ ಉಳಿಯುವುದು ಒಂದೇ ಒಂದು ಸ್ಟ್ರಕ್ಚರ್. ಶಾಲೆಯ ಬಾಗಿಲಲ್ಲಿರುವ ಕಪ್ಪುಹಲಗೆಯ ಹಾಗೆ: ಇವತ್ತಿನ ಸುದ್ದಿ ಬರೆಯಬೇಕಾದರೆ ನಿನ್ನೆಯದನ್ನು ಒರೆಸಬೇಕು.

ಇದು ಬರೀ ಮಕ್ಕಳು ಮಾಡುವ ಉಪಾಯವಲ್ಲ. ಸಿ ಭಾಷೆಯ ಜೊತೆಗೇ ಬರುವ 'ಲೋಕಲ್‌ಟೈಮ್' ಎಂಬ ಫಂಕ್ಷನ್ ಇದೆ. ಅದಕ್ಕೆ ಒಂದು ಸಮಯ ಕೊಟ್ಟರೆ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ ಎಂದು ಬಿಡಿಸಿಟ್ಟ ಒಂದು ಸ್ಟ್ರಕ್ಚರಿನ ವಿಳಾಸ ಕೊಡುತ್ತದೆ. ಅದು ಸಾಮಾನ್ಯವಾಗಿ ಕೆಲಸ ಮಾಡುವುದು ಹೀಗೆಯೇ. ಶಿವಮೊಗ್ಗದಿಂದ ರೈಲು ಹೊರಟ ಸಮಯಕ್ಕೆ ಒಮ್ಮೆ ಕರೆದು ವಿಳಾಸ ಇಟ್ಟುಕೊಳ್ಳಿ. ಭದ್ರಾವತಿ ತಲುಪಿದ ಸಮಯಕ್ಕೆ ಇನ್ನೊಮ್ಮೆ ಕರೆದು ಆ ವಿಳಾಸವನ್ನೂ ಇಟ್ಟುಕೊಳ್ಳಿ. ಈಗ ಎರಡನ್ನೂ ಅಚ್ಚು ಮಾಡಿ. ಹೊರಟ ಸಮಯವೂ ತಲುಪಿದ ಸಮಯವೂ ಒಂದೇ ಆಗಿರುತ್ತದೆ. ರೈಲು ಅಷ್ಟು ವೇಗವಾಗಿ ಬಂದಿಲ್ಲ. ಎರಡು ವಿಳಾಸಗಳೂ ಒಂದೇ ಹಲಗೆಯ ವಿಳಾಸ.

ಇದರಿಂದ ಏನು ನಷ್ಟ ಎಂದು ಕೇಳಬಹುದು. ನಮ್ಮ ಲ್ಯಾಬಿನಲ್ಲಿ ಒಬ್ಬ ಹುಡುಗ, ನಮ್ಮೂರಿನವನೇ, ಒಂದು ತರಗತಿಯ 60 ಮಕ್ಕಳ ಅಂಕಪಟ್ಟಿ ಮಾಡುವ ಪ್ರೋಗ್ರಾಮ್ ಬರೆದಿದ್ದ. ಕಂಪೈಲರ್ ಎಚ್ಚರಿಸಿತು ಎಂದು ಗೆಳೆಯನ ಸಲಹೆಯಂತೆ ಸ್ಟ್ಯಾಟಿಕ್ ಸೇರಿಸಿದ್ದ. ಒಬ್ಬ ವಿದ್ಯಾರ್ಥಿಯ ಮಾಹಿತಿ ಕೊಟ್ಟು ನೋಡಿದ, ಸರಿಯಾಗಿ ಬಂತು. ಅರವತ್ತೂ ಜನರದ್ದನ್ನು ಕೊಟ್ಟಾಗ ಅರವತ್ತು ಅಂಕಪಟ್ಟಿಗಳಲ್ಲೂ ಹಾಜರಿ ಪುಸ್ತಕದ ಕೊನೆಯ ಹುಡುಗಿಯ ಹೆಸರು, ಅವಳದೇ ಅಂಕ. ಲ್ಯಾಬಿನಲ್ಲಿ ಎಲ್ಲರೂ ನಕ್ಕರು. ಹೀಗೆ ಅರವತ್ತೂ ಒಂದೇ ಆಗಿದ್ದರೆ ನಗಬಹುದು, ಕಣ್ಣಿಗೆ ಬೀಳುತ್ತದೆ. ಅರವತ್ತರಲ್ಲಿ ಎರಡು ಮಾತ್ರ ಅದಲುಬದಲಾಗಿದ್ದರೆ? ಯಾರ ಕಣ್ಣಿಗೂ ಬೀಳದೆ ಒಂದು ಮಗುವಿನ ಅಂಕ ಇನ್ನೊಂದು ಮಗುವಿನ ಹೆಸರಿಗೆ ಹೋಗಿಬಿಡುತ್ತದೆ. ಅಂಕಪಟ್ಟಿಯ ಜಾಗದಲ್ಲಿ ಆಸ್ಪತ್ರೆಯ ರಕ್ತಪರೀಕ್ಷೆಯ ಚೀಟಿಯನ್ನೋ ಬ್ಯಾಂಕಿನ ಪಾಸ್‌ಬುಕ್ಕನ್ನೋ ಇಟ್ಟು ನೋಡಿ. ಜಾಗ ಯಾರದ್ದು ಎನ್ನುವ ಪ್ರಶ್ನೆ ಪರೀಕ್ಷೆಯ ಐದು ಅಂಕದ ಪ್ರಶ್ನೆಯಷ್ಟೇ ಅಲ್ಲ ಎಂದು ಆಗ ಗೊತ್ತಾಗುತ್ತದೆ.

ಮೂರನೆಯ ದಾರಿ ಹೆಚ್ಚು ಬಳಕೆಯಲ್ಲಿರುವುದು. ಮೆಮೊರಿಯಲ್ಲಿ ಹೀಪ್ ಎಂಬ ಇನ್ನೊಂದು ಬಡಾವಣೆ ಇದೆ. ಅಲ್ಲಿ ಜಾಗ ಬೇಕಾದರೆ 'ಮ್ಯಾಲಾಕ್' ಎಂಬ ಫಂಕ್ಷನ್ನಿಗೆ ಅರ್ಜಿ ಹಾಕಬೇಕು: 68 ಬೈಟ್ ಬೇಕು. 68 ಎಂದು ಕೈಯಲ್ಲಿ ಬರೆಯಬೇಡಿ. ಸ್ಟ್ರಕ್ಚರಿನ ಅಳತೆ ಎಷ್ಟೋ ಅಷ್ಟು ಎಂದು 'ಸೈಜ್‌ಆಫ್' ಮೂಲಕ ಕೇಳಿ, ನಾಳೆ ಏಳನೆಯ ವಿಷಯ ಸೇರಿದರೂ ಲೆಕ್ಕ ತಪ್ಪುವುದಿಲ್ಲ. ಜಾಗ ಸಿಕ್ಕರೆ ಅದರ ವಿಳಾಸ ಬರುತ್ತದೆ. ಸಿಗದಿದ್ದರೆ 'ನಲ್', ಅಂದರೆ ಇಲ್ಲ ಎಂಬ ಉತ್ತರ ಬರುತ್ತದೆ. ಉತ್ತರ ನೋಡದೆ ಮನೆ ಹೊಕ್ಕಲು ಹೋಗಬಾರದು. ಜಾಗ ಸಿಕ್ಕ ಮೇಲೆ ಅಂಕ ತುಂಬಿ ವಿಳಾಸ ಹಿಂದಿರುಗಿಸಿದರೆ ಫಂಕ್ಷನ್ನಿನ ಕೆಲಸ ಮುಗಿಯಿತು. ಪ್ರತಿ ಸಲ ಕರೆದಾಗಲೂ ಹೊಸ ಮನೆ. ಅರವತ್ತು ಮಕ್ಕಳಿಗೆ ಅರವತ್ತು ಮನೆ. ಫಂಕ್ಷನ್ ಮುಗಿದರೂ ಮನೆ ಖಾಲಿಯಾಗುವುದಿಲ್ಲ.

ಹಾಗಾದರೆ ಯಾವಾಗ ಖಾಲಿಯಾಗುತ್ತದೆ? ನೀವು 'ಫ್ರೀ' ಎಂದು ಹೇಳಿ ಬೀಗದ ಕೈ ಒಪ್ಪಿಸಿದಾಗ. ಮಾಡಿದವರು ಆ ಫಂಕ್ಷನ್ನಾದರೂ ಬಿಟ್ಟುಕೊಡಬೇಕಾದವರು ವಿಳಾಸ ಪಡೆದವರು. ವಿಳಾಸದ ಜೊತೆಗೇ ಹೊಣೆಯೂ ಕೈ ಬದಲಾಯಿಸಿತು. ಆದರೆ ಬರೀ ವಿಳಾಸ ನೋಡಿ ಹೊಣೆ ಯಾರದೆಂದು ಹೇಳಲು ಆಗುವುದಿಲ್ಲ. ಹಲಗೆಯ ವಿಳಾಸವೂ ಹೀಪಿನ ವಿಳಾಸವೂ ನೋಡಲು ಒಂದೇ ಥರ ಇರುತ್ತವೆ.

ಬಿಟ್ಟುಕೊಡದಿದ್ದರೆ ಏನಾಗುತ್ತದೆ, ಲೆಕ್ಕ ಹಾಕಿ. ಒಂದು ಸರ್ವರ್ ಸೆಕೆಂಡಿಗೆ 100 ಅಂಕಪಟ್ಟಿ ಮಾಡಿ ಒಂದನ್ನೂ ಬಿಡದಿದ್ದರೆ ಸೆಕೆಂಡಿಗೆ 6,800 ಬೈಟ್. ದಿನಕ್ಕೆ 86,400 ಸೆಕೆಂಡ್. ಒಟ್ಟು 58 ಕೋಟಿ 75 ಲಕ್ಷ 20 ಸಾವಿರ ಬೈಟ್ ಒಂದೇ ದಿನದಲ್ಲಿ ಹೋಯಿತು. ಒಂದು ಹನಿ ಸೋರುವ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಮಲಗಿ ಬೆಳಗ್ಗೆ ನೋಡಿದರೆ ಹೇಗಿರುತ್ತದೋ ಹಾಗೆ. ಇದಕ್ಕೆ ತದ್ವಿರುದ್ಧ ತಪ್ಪುಗಳೂ ಇವೆ. ಒಪ್ಪಿಸಿದ ಮನೆಯನ್ನೇ ಇನ್ನೊಮ್ಮೆ ಒಪ್ಪಿಸುವುದು, ಒಪ್ಪಿಸಿದ ಮೇಲೂ ಹಳೆಯ ಕೀಲಿಯಿಂದ ಬಾಗಿಲು ತೆಗೆಯುವುದು. ಇವು ಸೋರಿಕೆಗಿಂತ ಅಪಾಯ.

ನಾಲ್ಕನೆಯ ದಾರಿ ನಮ್ಮ ತಾಯಂದಿರದು. ನ್ಯಾಯಬೆಲೆ ಅಂಗಡಿಗೆ ಹೋಗುವಾಗ ಚೀಲ ಮನೆಯಿಂದಲೇ ಒಯ್ಯುತ್ತಾರೆ. ಅಂಗಡಿಯವರು ಅಕ್ಕಿ ಅಳೆದು ಹಾಕುತ್ತಾರೆ, ಚೀಲ ಇವರದ್ದೇ. ಹಾಗೆಯೇ ಕರೆಯುವವರೇ ಸ್ಟ್ರಕ್ಚರಿಗೆ ಜಾಗ ಮಾಡಿ ಅದರ ವಿಳಾಸವನ್ನು ಫಂಕ್ಷನ್ನಿಗೆ ಕೊಡುವುದು. ಫಂಕ್ಷನ್ ಅದರೊಳಗೆ ತುಂಬಿ ಕೊಡುವುದು. ಲೋಕಲ್‌ಟೈಮ್ ಫಂಕ್ಷನ್ನಿಗೆ 'ಲೋಕಲ್‌ಟೈಮ್ ಆರ್' ಎಂಬ ತಮ್ಮ ಇದ್ದಾನೆ. ಯುನಿಕ್ಸ್, ಲಿನಕ್ಸ್ ವ್ಯವಸ್ಥೆಗಳಲ್ಲಿ ಸಿಗುವ ಈ ತಮ್ಮ ಚೀಲ ತನ್ನಿ ಎನ್ನುತ್ತಾನೆ. ಎರಡು ಚೀಲ ಒಯ್ದರೆ ರೈಲು ಹೊರಟ ಸಮಯ ಒಂದರಲ್ಲಿ, ತಲುಪಿದ ಸಮಯ ಇನ್ನೊಂದರಲ್ಲಿ.

ವಿಳಾಸದ ಗೊಡವೆಯೇ ಬೇಡ, ಸ್ಟ್ರಕ್ಚರನ್ನೇ ಪೂರ್ತಿ ಹಿಂದಿರುಗಿಸಬಾರದೇ ಎಂದು ಜಾಣ ಮಕ್ಕಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. 1978ರಲ್ಲಿ ಕರ್ನಿಹನ್ ಮತ್ತು ರಿಚಿ ಅವರ ಸಿ ಪುಸ್ತಕದ ಮೊದಲ ಆವೃತ್ತಿ ಬಂದಾಗ ಫಂಕ್ಷನ್ ಸ್ಟ್ರಕ್ಚರನ್ನು ಹಿಂದಿರುಗಿಸಲು ಅವಕಾಶ ಇರಲಿಲ್ಲ. 1989ರ ಪ್ರಮಾಣಿತ ಸಿ ಬರುವ ಹೊತ್ತಿಗೆ ಅವಕಾಶ ಬಂತು. 68 ಬೈಟಿನ ಚಿಕ್ಕ ಅಂಕಪಟ್ಟಿಯನ್ನು ನಕಲು ಮಾಡಿ ಕೊಡುವುದು ಇವತ್ತು ಏನೂ ತಪ್ಪಲ್ಲ, ಎಷ್ಟೋ ಸಲ ಅದೇ ಒಳ್ಳೆಯದು. ಆದರೆ ಸ್ಟ್ರಕ್ಚರ್ ದೊಡ್ಡದಿದ್ದರೆ, ಅಥವಾ ಒಂದೇ ಅಂಕಪಟ್ಟಿಯನ್ನು ಹತ್ತು ಕಡೆಯಿಂದ ನೋಡಿ ತಿದ್ದಬೇಕಿದ್ದರೆ ವಿಳಾಸವೇ ಬೇಕಾಗುತ್ತದೆ.

ಈಗ ಕನ್ನಡದ ಮಕ್ಕಳಿಗೇ ವಿಶೇಷವಾಗಿ ಬರುವ ಒಂದು ತೊಡಕು ಹೇಳುತ್ತೇನೆ. ಹೆಸರಿಗೆ 40 ಬೈಟ್ ಇಟ್ಟೆವು. ಇಂಗ್ಲಿಷಿನಲ್ಲಿ ಬರೆದರೆ ಭದ್ರಾವತಿ 10 ಅಕ್ಷರ, 10 ಬೈಟ್. ಶಿವಮೊಗ್ಗವೂ 10. ಕನ್ನಡದಲ್ಲಿ ಬರೆದಾಗ ಈಗ ಎಲ್ಲೆಡೆ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ವರ್ಣ, ಪ್ರತಿ ಗುಣಿತದ ಚಿಹ್ನೆ, ಪ್ರತಿ ವಿರಾಮದ ಚಿಹ್ನೆಗೂ ಮೂರು ಮೂರು ಬೈಟ್. ಭದ್ರಾವತಿ ಎಂಬುದರಲ್ಲಿ ಇಂಥವು ಎಂಟು, ಅಂದರೆ 24 ಬೈಟ್. ಶಿವಮೊಗ್ಗಕ್ಕೂ ಅಷ್ಟೇ, 24. ಕೊನೆಯಲ್ಲಿ ಮುಕ್ತಾಯದ ಒಂದು ಬೈಟ್ ಬೇರೆ. 40 ಬೈಟಿನಲ್ಲಿ ಇಂಥ 13 ಚಿಹ್ನೆ ಮಾತ್ರ ಹಿಡಿಯುತ್ತವೆ. ನಮ್ಮ ಹಾಜರಿ ಪುಸ್ತಕದ ಅರ್ಧ ಹೆಸರುಗಳು, ತಂದೆಯ ಹೆಸರು ಸೇರಿಸಿದರೆ, ಇದರಲ್ಲಿ ಹಿಡಿಸುವುದಿಲ್ಲ.

ಹಾಗಾಗಿ ಹೆಸರನ್ನು ಸ್ಟ್ರಕ್ಚರಿನೊಳಗೆ ಇಡದೆ, ಬೇಕಾದಷ್ಟು ಉದ್ದದ ಬೇರೆ ಜಾಗ ಕೇಳಿ ಅಲ್ಲಿ ಇಟ್ಟು, ಆ ಜಾಗದ ವಿಳಾಸವನ್ನು ಮಾತ್ರ ಸ್ಟ್ರಕ್ಚರಿನೊಳಗೆ ಬರೆದಿಡುತ್ತೇವೆ. ಒಂದು ಮನೆಯೊಳಗೆ ಇನ್ನೊಂದು ಮನೆಯ ವಿಳಾಸ. ಈಗ ಅರ್ಜಿ ಎರಡು, ಒಪ್ಪಿಸುವುದೂ ಎರಡು. ಒಪ್ಪಿಸುವ ಕ್ರಮವೂ ಮುಖ್ಯ. ಮೊದಲು ಹೆಸರಿನ ಜಾಗ, ಆಮೇಲೆ ಸ್ಟ್ರಕ್ಚರ್. ಮೊದಲು ಸ್ಟ್ರಕ್ಚರನ್ನೇ ಬಿಟ್ಟರೆ ಹೆಸರಿನ ವಿಳಾಸ ಬರೆದಿಟ್ಟ ಚೀಟಿಯೂ ಅದರ ಜೊತೆ ಹೋಯಿತು. ಇನ್ನೂ ಒಂದು ಮಾತು: ಎರಡನೆಯ ಅರ್ಜಿಗೆ ಇಲ್ಲ ಎಂದು ಉತ್ತರ ಬಂದರೆ, ಮೊದಲು ಸಿಕ್ಕ ಜಾಗವನ್ನು ಬಿಟ್ಟುಕೊಟ್ಟು ನಂತರ ನಲ್ ಹಿಂದಿರುಗಿಸಬೇಕು. ಇದನ್ನೆಲ್ಲ ಬಳಸುವವರು ನೆನಪಿಡಬೇಕಾಗಿಲ್ಲ. 'ಹೊಸ ವಿದ್ಯಾರ್ಥಿ' ಬರೆದವರೇ 'ವಿದ್ಯಾರ್ಥಿ ಬಿಡು' ಎಂಬ ಜೋಡಿ ಫಂಕ್ಷನ್ನನ್ನೂ ಬರೆದು ಕೊಟ್ಟರಾಯಿತು. ಫೈಲ್ ತೆರೆಯುವ 'ಎಫ್‌ಓಪನ್' ನಮಗೆ ಕೊಡುವುದು ಒಂದು ಸ್ಟ್ರಕ್ಚರಿನ ವಿಳಾಸವನ್ನೇ. ಅದರೊಳಗೆ ಏನಿದೆ ಎಂದು ನಾವು ನೋಡುವುದಿಲ್ಲ. ಕೆಲಸ ಮುಗಿದಾಗ 'ಎಫ್‌ಕ್ಲೋಸ್' ಕೈಗೆ ಒಪ್ಪಿಸುತ್ತೇವೆ. ಮೊದಲ ವರ್ಷದಲ್ಲೇ ಎಲ್ಲರೂ ಬಳಸುವ ಜೋಡಿ ಇದು.

ಈಗ ಪೈಥಾನ್ ಬಂದಿದೆ, ಜಾವಾ ಇದೆ, ಅವೇ ಜಾಗ ತೆರವು ಮಾಡಿಕೊಳ್ಳುತ್ತವೆ, ಇದೆಲ್ಲ ಯಾಕೆ ಕಲಿಯಬೇಕು ಎಂದು ಪೋಷಕರೂ ಕೇಳುತ್ತಾರೆ. ನಾವೆಲ್ಲ ಸಾಮಾನ್ಯವಾಗಿ ಬಳಸುವ ಪೈಥಾನ್ ಬರೆದಿರುವುದೇ ಸಿ ಭಾಷೆಯಲ್ಲಿ. ಪೈಥಾನಿನ ಪ್ರತಿ ಸಂಖ್ಯೆ, ಪ್ರತಿ ಪಟ್ಟಿ ಒಳಗಡೆ ಒಂದು ಸ್ಟ್ರಕ್ಚರ್. ತನ್ನನ್ನು ಎಷ್ಟು ಕಡೆಯಿಂದ ಬಳಸುತ್ತಿದ್ದಾರೆ ಎಂಬ ಎಣಿಕೆ ಅದರೊಳಗೇ ಇರುತ್ತದೆ. ಎಣಿಕೆ ಸೊನ್ನೆಯಾದರೆ ಜಾಗ ತೆರವು. ಪೈಥಾನಿನ ಒಳಗಿನ ಸಿ ಫಂಕ್ಷನ್ನುಗಳ ಕೈಪಿಡಿಯಲ್ಲಿ, ವಿಳಾಸ ಹಿಂದಿರುಗಿಸುವ ಫಂಕ್ಷನ್ನುಗಳ ಕೆಳಗೆ ಒಂದು ಸಾಲು ಇರುತ್ತದೆ: ಇದು ಹೊಸದಾಗಿ ನಿಮಗೆ ಒಪ್ಪಿಸಿದ್ದೋ, ಎರವಲು ಕೊಟ್ಟಿದ್ದೋ ಎಂದು. ಒಪ್ಪಿಸಿದ್ದಾದರೆ ಬಿಡುವ ಹೊಣೆ ನಿಮ್ಮದು. ಎರವಲಾದರೆ ಬಿಡುವ ಹಕ್ಕು ನಿಮಗಿಲ್ಲ. ರಸ್ಟ್ ಎಂಬ ಹೊಸ ಭಾಷೆಯಲ್ಲಿ ಈ ಲೆಕ್ಕವನ್ನು ಕಂಪೈಲರೇ ಕೇಳುತ್ತದೆ. ಉತ್ತರ ಸರಿಯಿಲ್ಲದಿದ್ದರೆ ಪ್ರೋಗ್ರಾಮ್ ತಯಾರಾಗುವುದೇ ಇಲ್ಲ. ಭಾಷೆ ಬದಲಾದರೂ ಪ್ರಶ್ನೆ ಅದೇ ಉಳಿದಿದೆ.

ಮಕ್ಕಳೇ, ನಿಮಗೆ ಒಂದು ಅಭ್ಯಾಸ ಹೇಳಿ ಮುಗಿಸುತ್ತೇನೆ. ಮುಂದೆ ನೀವು ಡಿಪ್ಲೊಮಾಕ್ಕೋ ಎಂಜಿನಿಯರಿಂಗಿಗೋ ಹೋಗಿ ವಿಳಾಸ ಹಿಂದಿರುಗಿಸುವ ಫಂಕ್ಷನ್ ಬರೆದಾಗ, ಅದರ ತಲೆಯ ಮೇಲೆ ಟಿಪ್ಪಣಿಯಾಗಿ ಒಂದು ಸಾಲು ಬರೆಯಿರಿ. 'ಈ ಜಾಗ ಕರೆದವರದ್ದು, ಕೆಲಸ ಮುಗಿದ ಮೇಲೆ ಅವರೇ ಬಿಡಬೇಕು.' ಅಥವಾ, 'ಈ ಜಾಗ ನನ್ನದು, ಯಾರೂ ಬಿಡಬಾರದು, ಮುಂದಿನ ಕರೆಗೆ ಅಳಿಸಿಹೋಗುತ್ತದೆ.' ಕನ್ನಡದಲ್ಲೇ ಬರೆಯಿರಿ. ಟಿಪ್ಪಣಿಯ ಭಾಷೆ ಯಾವುದಾದರೂ ಈಗಿನ ಕಂಪೈಲರಿಗೆ ತಕರಾರಿಲ್ಲ. ಆ ಸಾಲು ಬರೆಯಲು ಬರಲಿಲ್ಲ ಎಂದರೆ ಫಂಕ್ಷನ್ ಇನ್ನೂ ನಿಮಗೆ ಅರ್ಥವಾಗಿಲ್ಲ ಎಂದು ತಿಳಿದು ಇನ್ನೊಮ್ಮೆ ಕೂತು ಯೋಚಿಸಿ. ಬರೆದ ಮೇಲೆ 'ವಾಲ್‌ಗ್ರಿಂಡ್' ಎಂಬ ಉಚಿತ ತಂತ್ರಾಂಶದ ಅಡಿಯಲ್ಲಿ ಪ್ರೋಗ್ರಾಮ್ ಓಡಿಸಿ. ಎಷ್ಟು ಜಾಗ ಪಡೆದಿರಿ, ಎಷ್ಟು ಒಪ್ಪಿಸಲಿಲ್ಲ ಎಂದು ಲೆಕ್ಕ ಕೊಡುತ್ತದೆ. ಅದಕ್ಕೂ ಜಿಸಿಸಿಗೂ ಕಾಸು ಬೇಡ. ಹಳೆಯ ಕಂಪ್ಯೂಟರಿನಲ್ಲೂ ಓಡುತ್ತವೆ.

ಹಿರಿಯ ವಿದ್ಯಾರ್ಥಿಗಳ ಸಂಘದವರು ಶಾಲೆಗೆ ಕಂಪ್ಯೂಟರ್ ಕೊಡಿಸುವ ಯೋಚನೆಯಲ್ಲಿದ್ದಾರೆ ಎಂದು ಕೇಳಿ ಸಂತೋಷವಾಯಿತು. ಕೊಡಿಸಿದ ಮೇಲೆ ಅದರ ಕೀಲಿ ಯಾರ ಹತ್ತಿರ, ಕೆಟ್ಟರೆ ಯಾರು ರಿಪೇರಿ ಮಾಡಿಸಬೇಕು ಎಂಬುದನ್ನೂ ಅದೇ ದಿನ ಒಂದು ಸಾಲಿನಲ್ಲಿ ಬರೆದಿಡಿ ಎಂದು ಕೇಳಿಕೊಳ್ಳುತ್ತೇನೆ. ತಿಂಗಳಿಗೆ ಒಂದು ಶನಿವಾರ ಶಿವಮೊಗ್ಗದಿಂದ ಬಂದು ಇಲ್ಲಿ ಪಾಠ ಮಾಡಲು ನಾನು ಸಿದ್ಧ. ಬರುವ ಮಕ್ಕಳು ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ ತಂದರೆ ಸಾಕು. ಮೊದಲ ಎರಡು ಪಾಠಕ್ಕೆ ಕಂಪ್ಯೂಟರೂ ಬೇಕಾಗುವುದಿಲ್ಲ, ಮನೆ ಮತ್ತು ವಿಳಾಸದ ಚಿತ್ರ ಬರೆಯುವುದಷ್ಟೇ ಕೆಲಸ.